ನೆಲದಲ್ಲಿ ಕೂತವನ ಕಣ್ಣು

ಈ ವೃತ್ತಾಂತವನ್ನು ಮೊದಲು ಹೇಳಿದವರು ಅಟ್ಲಾಂಟಾ ಪಕ್ಕದ ನಾರ್‌ಕ್ರಾಸ್‌ನ ವಿದ್ಯಾವತಿ. ಹೇಳಿದ್ದು 1994ರಲ್ಲಿ, ಯುಗಾದಿಯ ಮುಂದಿನ ಶನಿವಾರ, ಕನ್ನಡ ಕೂಟದ ಊಟ ಮುಗಿದು ಎಲ್ಲರ ಕೈಗೂ ಕಾಫಿ ಬಂದಿದ್ದ ಹೊತ್ತಿನಲ್ಲಿ. ಅಲ್ಲಿಂದಾಚೆ ಅದಕ್ಕೆ ಕಾಲು ಮೂಡಿತು. ಸುವಾನಿಯ ಗೃಹಪ್ರವೇಶವೊಂದರಲ್ಲಿ, ಏಪೆಕ್ಸ್‌ನ ಸತ್ಯನಾರಾಯಣ ಪೂಜೆಯೊಂದರಲ್ಲಿ, ವಾಷಿಂಗ್ಟನ್ ಕಡೆಯ ಮದುವೆಮನೆಯೊಂದರಲ್ಲಿ ಬೇರೆ ಬೇರೆ ಬಾಯಿಗಳಿಂದ ಕೇಳಿಬಂತು. ಒಂದು ಪಾಠದಲ್ಲಿ ಪರದೆ ಬರೆಯಲು ಹಿಡಿದದ್ದು ಒಂದೇ ದಿನ. ಇನ್ನೊಂದರಲ್ಲಿ ಪರದೆಯ ಹೂವಿಗೆ ನಿಜವಾದ ದುಂಬಿ ಬಂದು ಕೂತಿತು. ಇಲ್ಲಿ ಕೊಟ್ಟಿರುವುದು ವಿದ್ಯಾವತಿಯವರ ಪಾಠ; ಅವರು ಕಣ್ಣಾರೆ ಕಂಡವರು. ಅಲ್ಲಲ್ಲಿ ಅದನ್ನು ತಿದ್ದಿದವರು ಪರದೆ ಬರೆದ ಈರಣ್ಣನವರೇ. ದುಂಬಿಯ ವಿಷಯಕ್ಕೆ ಅವರು ಹೇಳಿದ್ದು ಇಷ್ಟು: "ದುಂಬಿ ಇಲ್ಲ, ಏನಿಲ್ರಿ. ಬಣ್ಣದ ವಾಸನಿಗೆ ಒಂದು ನೊಣ ಬಂದಿತ್ತು."

ಅಟ್ಲಾಂಟಾದಲ್ಲಿ ಬೆಳಗಿನ ಐದೂವರೆ. ದೇಶದ ಮಾಜಿ ಅಧ್ಯಕ್ಷರೊಬ್ಬರ ಕಾಗದಪತ್ರಗಳನ್ನೂ ಅವರ ಕಾಲದ ವಸ್ತುಗಳನ್ನೂ ಕಾಪಿಟ್ಟಿರುವ ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯದ ಹಿಂಬಾಗಿಲಿನಿಂದ ಅರವತ್ತರ ಆಸುಪಾಸಿನ ಒಬ್ಬರು ಒಳಗೆ ಬರುತ್ತಾರೆ. ತಲೆಗೆ ಉಣ್ಣೆಯ ಟೋಪಿ, ಕಂಕುಳಲ್ಲಿ ಊಟದ ಡಬ್ಬಿ. ಕಾವಲಿನವನಿಗೆ ಕೈಯೆತ್ತಿ, ಬೂಟು ಬಿಚ್ಚಿ, ಹಳೆಯ ಕ್ಯಾನ್ವಾಸ್ ಚಪ್ಪಲಿ ಮೆಟ್ಟಿಕೊಂಡು ಗ್ಯಾಲರಿಯ ದೀಪ ಹಾಕುತ್ತಾರೆ. ನಿನ್ನೆ ಸಂಜೆ ಇಲ್ಲೊಂದು ಪ್ರದರ್ಶನ ಇಳಿದಿದೆ. ಗೋಡೆಯ ತುಂಬ ಮೊಳೆ ಕಿತ್ತ ತೂತುಗಳು. ಈರಣ್ಣ ಚಿತ್ರಗಾರ ಗೋಡೆಗೆ ಕೆನ್ನೆ ತಾಗುವಷ್ಟು ಸಮೀಪ ನಿಂತು, ಬೆರಳಿನಿಂದ ತೂತುಗಳನ್ನು ಸವರುತ್ತ, ಒಂದೊಂದಕ್ಕೂ ಚಿಟಿಕೆ ಪುಟ್ಟಿ ತುಂಬುತ್ತ ಹೋಗುತ್ತಾರೆ. ಕಣ್ಣಿಗಿಂತ ಬೆರಳನ್ನು ಹೆಚ್ಚು ನಂಬುವ ಕೆಲಸ ಅದು.

"ನಾಕನೂರಾ ಹನ್ನೆರಡು," ಎನ್ನುತ್ತಾರೆ, ಕೊನೆಯ ತೂತು ಮುಚ್ಚಿ. "ಹೋದ ಸಲದ್ದಕ್ಕಿಂತ ಕಡಿಮಿ. ಹೋದ ಸಲ ಪತ್ರಗಳ ಪ್ರದರ್ಶನ ಇತ್ತು. ಪತ್ರ ಬಂದ್ರ ಮೊಳಿ ಜಾಸ್ತಿ. ಕುರ್ಚಿ, ಮೇಜು, ಉಡುಗೊರಿ ಅಂತ ಬಂದ್ರ ಗ್ವಾಡಿಗೆ ಸುಖ."

ವರ್ಷಕ್ಕೆ ಆರು ಪ್ರದರ್ಶನ. ಪ್ರತಿಯೊಂದಕ್ಕೂ ಮೂರು ಸಾವಿರದ ಇನ್ನೂರು ಚದರಡಿ ಗೋಡೆ, ಎರಡು ಕೈ ಬಣ್ಣ. ಒಂಬತ್ತು ಗಂಟೆಗೆ ಬಾಗಿಲು ತೆರೆಯುವ ಮುಂಚೆ ಏಣಿ, ಬಕೆಟ್ಟು, ವಾಸನೆ ಯಾವುದೂ ಉಳಿದಿರಬಾರದು. ಹತ್ತು ವರ್ಷಗಳಿಂದ ಈ ಕಟ್ಟಡದೊಳಗೆ ಬಂದ ಪ್ರತಿಯೊಬ್ಬ ಪ್ರವಾಸಿಯೂ ಈರಣ್ಣನ ಕೆಲಸವನ್ನು ನೋಡಿದ್ದಾನೆ. ನೋಡಿದೆ ಎಂದು ಯಾರಿಗೂ ಗೊತ್ತಿಲ್ಲ. ಗೋಡೆ ಎದ್ದು ಕಂಡರೆ ಬಣ್ಣ ಬಳಿದವನು ಸೋತ ಹಾಗೆ.

ಆದರೆ ಇವರು ಗೋಡೆಯವರಲ್ಲ. ಗದುಗಿನ ಬೆಟಗೇರಿಯಲ್ಲಿ ಹುಟ್ಟಿ, ಹದಿನಾಲ್ಕನೆಯ ವಯಸ್ಸಿಗೆ ಊರೂರು ತಿರುಗುವ ನಾಟಕ ಕಂಪನಿಯೊಂದನ್ನು ಸೇರಿ, ಗೋಪಿನಾಥ ಮಾಸ್ತರ ಎಂಬ ಪರದೆಯ ಚಿತ್ರಕಾರರ ಕೈಕೆಳಗೆ ಪಳಗಿದವರು. ಅರಮನೆ, ಅಡವಿ, ಬೀದಿ, ಸ್ಮಶಾನ, ಉದ್ಯಾನ ಎಲ್ಲಕ್ಕೂ ಒಂದೊಂದು ಪರದೆ. ಮೂವತ್ತು ವರ್ಷ ಅವರು ಬರೆದದ್ದು ಇವನ್ನೇ. 1982ರಲ್ಲಿ ಕಂಪನಿ ಮುಚ್ಚಿತು. ಮೂವತ್ತೆರಡು ಪರದೆಗಳನ್ನು ಲಾರಿಯವರು ತಾಡಪತ್ರಿಗೆಂದು ಕೊಂಡೊಯ್ದರು. ಅದಾಗಿ ಎರಡು ತಿಂಗಳಿಗೆ ಹುಬ್ಬಳ್ಳಿ ರಸ್ತೆಯಲ್ಲಿ ಒಂದು ಲಾರಿ ಅವರನ್ನು ದಾಟಿ ಹೋಯಿತು.

"ಉಳ್ಳಾಗಡ್ಡಿ ಚೀಲದ ಮ್ಯಾಲ ನನ್ನ ಅಂತಃಪುರ ಹೊಚ್ಚಿದ್ರು," ಎನ್ನುತ್ತಾರೆ ಈರಣ್ಣ. "ಮಳಿ ಬರ್ತಿತ್ತು. ಕಂಬ ಎಲ್ಲಾ ಕರಗಿ ಚೀಲದ ಮ್ಯಾಲ ಇಳದಿದ್ವು. ಅವತ್ತ ಅಂದೆ, ಇನ್ನ ಈ ಕೈ ಪರದಿ ಮುಟ್ಟೂದಿಲ್ಲ ಅಂತ."

ತಂಗಿ ಗೌರಾಬಾಯಿ ಅಟ್ಲಾಂಟಾದ ಆಸ್ಪತ್ರೆಯೊಂದರಲ್ಲಿ ನರ್ಸ್. ಅಣ್ಣ ಅತ್ತಿಗೆಯರ ಕಾಗದಪತ್ರ ಮಾಡಿಸಿ ಕರೆಸಿಕೊಂಡವಳು ಅವಳೇ. ವಸ್ತುಸಂಗ್ರಹಾಲಯದ ಅರ್ಜಿಯಲ್ಲಿ ಹಿಂದಿನ ಉದ್ಯೋಗ ಎಂಬಲ್ಲಿ ಅವಳು 'ಪೇಂಟರ್' ಎಂದು ತುಂಬಿದಳು. "ಗ್ವಾಡಿ ಕೊಟ್ರು," ಎಂದು ಈರಣ್ಣ ನಗುತ್ತಾರೆ. "ಕೊಟ್ಟದ್ದು ಚಲೋನೇ ಆತು. ಗ್ವಾಡಿ ಲಾರಿ ಮ್ಯಾಲ ಹೋಗೂದಿಲ್ಲ."

ಹೀಗಿರಲಾಗಿ 1993ರ ಮಾರ್ಚ್ ಬಂತು.

ಆ ವಸಂತಕ್ಕೆಂದು ಸಾರ್ವಜನಿಕ ಕಾರ್ಯಕ್ರಮಗಳ ಮುಖ್ಯಸ್ಥೆ ಲೊರೇನ್ ಪಿಟ್‌ಮನ್ ಎರಡು ವರ್ಷದಿಂದ ಒಂದು ಕನಸು ಕಟ್ಟಿದ್ದರು. ಮೊದಲು ಇಪ್ಪತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ ಹೆಂಗಸು; ಈರಣ್ಣನ ಬಾಯಲ್ಲಿ ಅವರು ಮೊದಲ ದಿನದಿಂದಲೂ ಲೊರೇನಮ್ಮ. ಅಧ್ಯಕ್ಷರ ಕಚೇರಿಯ ಕೊಠಡಿಯ ಪ್ರತಿರೂಪವನ್ನು ಗ್ಯಾಲರಿಯಲ್ಲಿ ಎಬ್ಬಿಸುವುದು. ಮೂರನೆಯ ತರಗತಿಯ ಮಕ್ಕಳು ಬಂದು, ಒಬ್ಬರು ಅಧ್ಯಕ್ಷರ ಕುರ್ಚಿಯಲ್ಲಿ, ಉಳಿದವರು ಮಂತ್ರಿಗಳಾಗಿ ಸುತ್ತ ಕೂತು, ಕೊಟ್ಟ ಒಂದು ಕಠಿಣ ಪ್ರಶ್ನೆಗೆ ಇಪ್ಪತ್ತು ನಿಮಿಷದಲ್ಲಿ ತೀರ್ಮಾನ ಹೇಳುವುದು. ನಲವತ್ತನಾಲ್ಕು ಶಾಲೆಗಳು ಬಸ್ಸು ಗೊತ್ತುಮಾಡಿದ್ದವು. ಮೊದಲ ಬಸ್ಸು ಮಾರ್ಚ್ ಇಪ್ಪತ್ತೆರಡರ ಸೋಮವಾರ.

ಕೊಠಡಿಗೆ ಮೇಜಿನ ಹಿಂದೆ ಮೂರು ಎತ್ತರದ ಕಿಟಕಿ, ನೆಲದಿಂದ ಒಂದು ಗೇಣಿನ ಮೇಲಿಂದಲೇ ಶುರುವಾಗುವಂಥವು. ಆ ಕಿಟಕಿಗಳಾಚೆ ತೋಟ ಕಾಣಬೇಕು. ಅದಕ್ಕಾಗಿ ದೊಡ್ಡದಾಗಿ ಮುದ್ರಿಸಿದ ಫೋಟೊ ಸುರುಳಿಗಳು, ಮೇಜು ಕುರ್ಚಿಗಳ ಜೊತೆಗೇ ವಾಷಿಂಗ್ಟನ್ನಿನಿಂದ ಟ್ರಕ್ಕಿನಲ್ಲಿ ಹೊರಟವು. ಹದಿಮೂರರ ಶನಿವಾರ ಆ ಕಡೆಯವರು ಇಂದಿಗೂ ಮರೆಯದ ಹಿಮಗಾಳಿ ಬೀಸಿತು. ಕೆರೊಲಿನಾದಲ್ಲಿ ಟ್ರಕ್ಕು ರಸ್ತೆ ಬಿಟ್ಟು ಜಾರಿ ಹಳ್ಳಕ್ಕೆ ವಾಲಿತು. ಚಾಲಕನ ಕೂದಲೂ ಕೊಂಕಲಿಲ್ಲ. ಮೇಜು ಕುರ್ಚಿಗೂ ಏನಾಗಲಿಲ್ಲ. ಫೋಟೊ ಸುರುಳಿಗಳು ಮಾತ್ರ ಹಿಮನೀರು ಕುಡಿದು ಒಂದಕ್ಕೊಂದು ಅಂಟಿ ಮುದ್ದೆಯಾದವು. ಮತ್ತೆ ಮುದ್ರಿಸಲು ಮೂರು ವಾರ ಬೇಕು ಎಂಬ ಸುದ್ದಿ ಸೋಮವಾರ ಬೆಳಿಗ್ಗೆ ಬಂತು. ಬಸ್ಸಿಗೆ ಉಳಿದದ್ದು ಒಂದು ವಾರ.

ವಿದ್ಯಾವತಿ ಔಷಧಿ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್. ವಾರದಲ್ಲಿ ಎರಡು ದಿನ ಇಲ್ಲಿ ಬಂದವರಿಗೆ ವಿವರಣೆ ಹೇಳುವ ಸ್ವಯಂಸೇವಕಿ. ಆ ಸೋಮವಾರ ಅವರು ಅಲ್ಲೇ ಇದ್ದರು. "ಲೊರೇನ್ ಆ ಖಾಲಿ ಕಿಟಕಿ ಮುಂದೆ ನಿಂತಿದ್ರು," ಎಂದು ನೆನೆಯುತ್ತಾರೆ. "ಕಿಟಕಿ ಆಚೆ ಬರೀ ಗ್ರೇ ಗೋಡೆ. 'ಮಕ್ಕಳನ್ನ ಆ ರೂಮಲ್ಲಿ ಕೂರಿಸ್ತೀನಿ ಅಂತ ಪ್ರಾಮಿಸ್ ಮಾಡಿದ್ದೆ ವಿದ್ಯಾ, ಇದು ಸ್ಟೋರ್ ರೂಮ್ ಥರ ಇದೆ' ಅಂದ್ರು. ಆಗ ಏಣಿ ಮೇಲಿಂದ ಈರಣ್ಣ ಅಂಕಲ್ ಮಾತಾಡಿದ್ರು."

ಈರಣ್ಣ ಕಿಟಕಿಯ ಚೌಕಟ್ಟಿಗೆ ಬಿಳಿ ಬಣ್ಣ ಹಚ್ಚುತ್ತಿದ್ದರು. ತಮಗೆ ಬರುವ ಇಂಗ್ಲಿಷಿನಲ್ಲಿ, ಒಂದು ತೋಟ, ನಾಲ್ಕು ದಿನ, ನಾನು, ಎಂದರು. ಲೊರೇನ್ ತಲೆಯೆತ್ತಿ ನೋಡಿದರು. ಆಮೇಲೆ ವಿದ್ಯಾವತಿಯ ಕಡೆ ತಿರುಗಿದರು. ನಾಟಕ, ಕಂಪನಿ, ಪರದೆ ಎಲ್ಲವನ್ನೂ ವಿದ್ಯಾವತಿ ಬಿಡಿಸಿ ಹೇಳಬೇಕಾಯಿತು. ಅವರಿಗೂ ಅರ್ಧ ಗೊತ್ತಿದ್ದದ್ದು ಅಂದೇ ಪೂರ್ತಿ ಗೊತ್ತಾಯಿತು.

"ಬರೆದು ಎಷ್ಟು ವರ್ಷವಾಯಿತು?" ಎಂದರು ಲೊರೇನ್.

"ಹನ್ನೊಂದು."

"ಈಗ ಬರುತ್ತಾ?"

ಈರಣ್ಣ ಏಣಿಯಿಂದ ಇಳಿದು ತಮ್ಮ ಅಂಗೈ ನೋಡಿಕೊಂಡರು. "ಗೊತ್ತಿಲ್ರಿ ಲೊರೇನಮ್ಮ," ಎಂದರು ಕನ್ನಡದಲ್ಲೇ. "ಬರಲಿಲ್ಲಂದ್ರ ಗ್ವಾಡಿ ಹೆಂಗೂ ಅದಾವ."

ವಿದ್ಯಾವತಿ ಅನುವಾದಿಸಿದರು. ಲೊರೇನ್ ನಕ್ಕರು, ಅಂದು ಮೊದಲ ಬಾರಿ. ತೋಟದ ನಾಲ್ಕು ಫೋಟೊಗಳನ್ನು ತಂದು ಅವರ ಕೈಗಿಟ್ಟರು.

ಮನೆಯಲ್ಲಿ ಸುದ್ದಿ ತಿಳಿದ ಶಿವಕ್ಕನ ಮಾತು ಬೇರೆ. ಈರಣ್ಣನ ಹೆಂಡತಿ ಆಕೆ. ಕಂಪನಿಯ ಕಾಲದಿಂದ ಬಟ್ಟೆ ಹೊಲಿದವಳು. "ಆರ ವರ್ಷ ಗ್ವಾಡಿ ತಿಕ್ಕಿದ ಕೈ ಅದು. ತ್ವಾಟಾ ಬರೀರಿ ಅಂದ್ರ ಸುಣ್ಣಾ ಹೊಡದು ಬರ್ತೀರಿ ನೋಡ್ರಿ," ಎಂದಳು. ಹೇಳುತ್ತಲೇ ಹೊಲಿಗೆ ಯಂತ್ರದ ಮುಂದೆ ಕೂತು ಕ್ಯಾನ್ವಾಸ್ ಪಟ್ಟಿಗಳನ್ನು ಜೋಡಿಸತೊಡಗಿದಳು. ಮೂರು ಕಿಟಕಿಗೆ ಮೂರು ತುಂಡು ಸಾಲದೆ ಎಂದು ಗೌರಾಬಾಯಿ ಕೇಳಿದ್ದಕ್ಕೆ ಈರಣ್ಣ, ತೋಟ ಎಂದ ಮೇಲೆ ಒಂದೇ ಎಂದರು. ಇಪ್ಪತ್ತೆರಡು ಅಡಿ ಉದ್ದದ ಒಂದೇ ಪರದೆ. ಕಿಟಕಿಯಿಂದ ಮೂರಡಿ ಹಿಂದೆ ಅದನ್ನು ತೂಗುಬಿಡಬೇಕು. ಆಗ ನೋಡುವವನು ಅತ್ತಿತ್ತ ಸರಿದಂತೆ ತೋಟವೂ ಕಿಟಕಿಯ ಆಚೆ ಸರಿಯುತ್ತದೆ. ಇದು ಗೋಪಿನಾಥ ಮಾಸ್ತರರ ಪಾಠ.

ಕಂಪನಿಯಲ್ಲಿ ಬಟ್ಟೆ ಬಣ್ಣ ಕುಡಿಯದಿರಲೆಂದು ಮೊದಲು ಹುಣಸೆಬೀಜದ ಅಂಟುಸರಿ ಬಳಿಯುತ್ತಿದ್ದರು. ಶಿವಕ್ಕನ ಅಡುಗೆಮನೆಯಲ್ಲಿ ಕಾಫಿ ಡಬ್ಬಿಯ ತುಂಬ ಹುಣಸೆಬೀಜವಿತ್ತು. ಆದರೆ ತಿನ್ನುವ ಪದಾರ್ಥ ಹುಳ ಕರೆಯುತ್ತದೆ ಎಂದು ವಸ್ತುಗಳ ಉಸ್ತುವಾರಿಯಾಕೆ ಒಳಗೆ ಬಿಡಲಿಲ್ಲ. ಗೋಡೆಯ ಪ್ರೈಮರನ್ನೇ ತೆಳುಮಾಡಿ ಬಳಿದದ್ದಾಯಿತು. "ಡಬ್ಬಿ ತಿರುಗಿ ಬಂತು. ಅದರಾಗ ಈಗ್ಲೂ ಚೌಕಾಬಾರ ಆಡ್ತೀನಿ," ಎನ್ನುತ್ತಾಳೆ ಶಿವಕ್ಕ.

ಬಣ್ಣಕ್ಕೆ ಮಾತ್ರ ಬರವಿರಲಿಲ್ಲ. ನೆಲಮಾಳಿಗೆಯಲ್ಲಿ ಆರು ವರ್ಷದ ಪ್ರದರ್ಶನಗಳಲ್ಲಿ ಉಳಿದ ಬಣ್ಣದ ಡಬ್ಬಿಗಳು ಸಾಲಾಗಿ ನಿಂತಿದ್ದವು. ಶಾಂತಿ ಒಪ್ಪಂದದ ಪ್ರದರ್ಶನದ ನೀಲಿ ಆಕಾಶಕ್ಕೆ ಹೋಯಿತು. ಕೃಷಿಯ ಪ್ರದರ್ಶನದ ಎರಡು ಹಸಿರು ಹುಲ್ಲಿಗೆ. ಚುನಾವಣೆಯ ಪ್ರದರ್ಶನದ ಕೆಂಪು ಗುಲಾಬಿಗೆ. ತಾವೇ ಬಳಿದು, ತಾವೇ ಅಳಿಸಿದ ಗೋಡೆಗಳೆಲ್ಲ ಒಂದು ತೋಟವಾಗುವುದನ್ನು ಈರಣ್ಣ ನೋಡುತ್ತ ಹೋದರು.

ಬಟ್ಟೆಯನ್ನು ನೆಲಕ್ಕೆ ಹಾಸಿ, ಉದ್ದ ಹಿಡಿಯ ಕುಂಚ ಹಿಡಿದು, ಅದರ ಮೇಲೆ ಬರಿಗಾಲಲ್ಲಿ ನಡೆಯುತ್ತ ಬರೆಯುವುದು ಕಂಪನಿಯ ಪದ್ಧತಿ. ಕೆಲಸದ ಜಾಗದಲ್ಲಿ ಬರಿಗಾಲು ಕೂಡದು ಎಂದು ಭದ್ರತೆಯವರು ಗಟ್ಟಿಮುಟ್ಟಾದ ಬೂಟು ತಂದಿಟ್ಟರು. "ಬಟ್ಟಿ ಮ್ಯಾಲ ಬೂಟು ಹಾಕ್ಕೊಂಡು ನಡ್ಯಾಂವ ಪೇಂಟರ ಅಲ್ಲ, ಪೋಲೀಸ," ಎಂದರು ಈರಣ್ಣ. ಕೊನೆಗೆ ಒಗೆದ ಕಾಲುಚೀಲಕ್ಕೆ ರಾಜಿಯಾಯಿತು. ಶಿವಕ್ಕ ನಾಲ್ಕು ಜೊತೆ ಕಳಿಸಿದಳು.

ಎಲ್ಲಕ್ಕಿಂತ ಮೊದಲು ಎಳೆಯಬೇಕಾದದ್ದು ಕಣ್ಣಿನ ಗೆರೆ. ನೋಡುವವನ ಕಣ್ಣು ಎಷ್ಟು ಎತ್ತರದಲ್ಲಿದೆಯೋ ಅಷ್ಟು ಎತ್ತರದಲ್ಲಿ ನೆಲವೂ ಆಕಾಶವೂ ಕೂಡಬೇಕು. ಮರ, ದಾರಿ, ಬೇಲಿ ಎಲ್ಲವೂ ಆ ಗೆರೆಗೆ ಲೆಕ್ಕ ಒಪ್ಪಿಸಬೇಕು. ಈರಣ್ಣ ಅಳತೆಪಟ್ಟಿ ಮುಟ್ಟಲಿಲ್ಲ. ಬಟ್ಟೆಯ ಕೆಳಅಂಚಿನಿಂದ ಮೊಣಕೈ ಊರಿ ಒಂದು ಮೊಳ, ಇನ್ನೊಂದು ಮೊಳ, ಮೇಲೆ ಅರ್ಧ. ಸುಣ್ಣದ ದಾರ ಎಳೆದು ಚಿಮ್ಮಿದರು. ಬಿಳಿ ಗೆರೆ ಬಿತ್ತು. ಮೂವತ್ತು ವರ್ಷ ಹೀಗೇ ಬಿದ್ದಿತ್ತು.

ಮೂರನೆಯ ದಿನ ಲೊರೇನ್ ನೋಡಲು ಬಂದಾಗ ಹುಲ್ಲಿನ ನಡುವೆ ಸೀಮೆಸುಣ್ಣದಲ್ಲಿ ಬರೆದ ಒಂದು ಆಕಾರವಿತ್ತು.

"ಇದೇನು?"

"ನವಲು," ಎಂದು ಈರಣ್ಣ ವಿದ್ಯಾವತಿಯ ಮುಖ ನೋಡಿದರು. ವಿದ್ಯಾವತಿ ತಿಳಿಸಿದರು.

"ಆ ತೋಟದಲ್ಲಿ ನವಿಲು ಇಲ್ಲ, ಈರಣ್ಣ."

"ರಾಜನ ತ್ವಾಟದಾಗ ನವಲು ಇಲ್ಲಂದ್ರ ಹೆಂಗ್ರಿ?"

"ಅವರು ರಾಜ ಅಲ್ಲ. ನಾಲ್ಕು ವರ್ಷ ಇದ್ದು ಮನೆಗೆ ಹೋಗುವವರು."

ನಾಟಕದಲ್ಲಿ ಅಂಥ ರಾಜನನ್ನು ಈರಣ್ಣ ಕಂಡಿರಲಿಲ್ಲ. "ಹಂಗಾದ್ರ ನವಲು ಬ್ಯಾಡ," ಎಂದು ಕಾಲುಚೀಲದಿಂದಲೇ ಒರೆಸಿದರು.

ಗುರುವಾರ ಸಂಜೆ ಪರದೆ ಏರಿತು. ಶುಕ್ರವಾರ ವಾಷಿಂಗ್ಟನ್ನಿನಿಂದ ವಿನ್ಯಾಸದ ಸಲಹೆಗಾರರು ಬಂದರು: ಹ್ಯಾಲೊವೆಲ್ ಎಂಬವರು, ಆರಡಿ ನಾಲ್ಕಂಗುಲದ ಆಳು. ಕಿಟಕಿಯ ಮುಂದೆ ನಿಂತರು. ಎಡಕ್ಕೆ ಸರಿದರು, ಬಲಕ್ಕೆ ಸರಿದರು. ಅವರು ಕೆಟ್ಟ ಮನುಷ್ಯರಲ್ಲ, ಎಂದು ಈ ಕಥೆ ಹೇಳುವವರೆಲ್ಲ ಈ ಜಾಗದಲ್ಲಿ ತಪ್ಪದೆ ಸೇರಿಸುತ್ತಾರೆ.

"ಕೈ ಚೆನ್ನಾಗಿದೆ," ಎಂದರು ಹ್ಯಾಲೊವೆಲ್. "ಬಣ್ಣ ಚೆನ್ನಾಗಿದೆ. ಆದರೆ ತೋಟ ಇಳಿಜಾರಾಗಿದೆ. ನಾನು ಗೋಡೆ ಹತ್ತಿ ನಿಂತು ನೋಡಿದ ಹಾಗಿದೆ. ಲೆಕ್ಕ ಎಲ್ಲೋ ತಪ್ಪಿದೆ."

ವಿದ್ಯಾವತಿ ಅನುವಾದಿಸಬೇಕಾಗಲಿಲ್ಲ. ಈರಣ್ಣ ಅವರ ಪಕ್ಕ ಬಂದು ನಿಂತು ನೋಡಿದರು, ನೋಡಿದೊಡನೆ ತಿಳಿಯಿತು. ಪರದೆಯ ಎದುರು ನಿಂತದ್ದು ಅವರ ಜೀವಮಾನದಲ್ಲಿ ಅದೇ ಮೊದಲು. ಕಂಪನಿಯಲ್ಲಿ ಅವರ ಜಾಗ ಯಾವಾಗಲೂ ಪರದೆಯ ಹಿಂದೆ, ಹಗ್ಗದ ಬಳಿ. ಎದುರಿಗೆ ಇರುತ್ತಿದ್ದವರು ಜನ, ಅದರಲ್ಲೂ ಮುಂದೆ ನೆಲದ ಟಿಕೀಟಿನವರು, ಚಾಪೆಯ ಮೇಲೆ ಕೂತವರು.

"ಮಾಸ್ತರ ಹೇಳ್ತಿದ್ರು," ಎನ್ನುತ್ತಾರೆ ಈರಣ್ಣ. "ಕುರ್ಚ್ಯಾಗ ಕುಂತಾಂವ ತನ್ನ ಟೊಪಗಿ ನೋಡ್ಕೊಳ್ಳಾಕ ಬಂದಿರ್ತಾನ. ನಾಟಕ ನೋಡಾಕ ಬಂದಾಂವ ನೆಲದಾಗ ಕುಂತಿರ್ತಾನ. ಅವನ ಕಣ್ಣೇ ನಿನ್ನ ಕಣ್ಣು. ಎರಡೂವರಿ ಮೊಳಕ್ಕ ಗೆರಿ ಹೊಡಿ ಅಂತ. ನಾ ಹೊಡದೆ. ಈ ದೇಶದಾಗ ಜನ ನಿಂತು ನೋಡ್ತಾರ ಅನ್ನೂದು ನನ್ನ ತಲ್ಯಾಗ ಬರಲೇ ಇಲ್ಲ. ತಪ್ಪು ನಂದ ಇತ್ರಿ. ಮತ್ತ ಲಾರಿ ಕಂಡಂಗಾತು."

ಪರದೆಯನ್ನು ಒಂದು ಮೊಳ ಮೇಲೆತ್ತಿದರೆ ಕಿಟಕಿಯ ಕೆಳಭಾಗದಲ್ಲಿ ಬರಿಯ ಗೋಡೆ ಕಾಣುತ್ತಿತ್ತು. ಹೊಸದಾಗಿ ಬರೆಯಲು ಮತ್ತೆ ನಾಲ್ಕು ದಿನ ಬೇಕು. ಲೊರೇನ್ ವಾದಿಸಿದರು, ಹ್ಯಾಲೊವೆಲ್ ತಾಳ್ಮೆಯಿಂದ ಕೇಳಿ, ಕಿಟಕಿಗಳಿಗೆ ಬಿಳಿಯ ಬ್ಲೈಂಡ್ಸ್ ಇಳಿಬಿಟ್ಟು ಮುಚ್ಚುವುದೇ ಗೌರವದ ದಾರಿ ಎಂದರು. ಬ್ಲೈಂಡ್ಸ್ ತೂಗುಹಾಕುವ ಕೆಲಸ ಯಾರದು? ಕಿಟಕಿ, ಗೋಡೆ, ಏಣಿ ಎಲ್ಲವೂ ಯಾರವೋ ಅವರದೇ.

ಆ ಶನಿವಾರ ಭಾನುವಾರ ಈರಣ್ಣ ಮನೆಯಲ್ಲಿ ಕುಂಚಗಳನ್ನು ತೊಳೆದು ಒಣಗಿಸಿ ಕಟ್ಟಿಟ್ಟರು. ಶಿವಕ್ಕ ಚುಚ್ಚಲಿಲ್ಲ, ಅವಳು ಚುಚ್ಚದೆ ಇದ್ದದ್ದೇ ಹೆಚ್ಚು ಚುಚ್ಚಿತು ಎಂದು ಗೌರಾಬಾಯಿಯ ಮಾತು.

ಸೋಮವಾರ ಎಂಟೂ ಮುಕ್ಕಾಲು ದಾಟಿತ್ತು. ಬಸ್ಸು ಬರಬೇಕಾದದ್ದು ಒಂಬತ್ತೂವರೆಗೆ. ಈರಣ್ಣ ಎಡಗಡೆಯ ಕಿಟಕಿಗೆ ಬ್ಲೈಂಡ್ಸ್ ಹಾಕಿ ಮುಗಿಸಿ, ನಡುವಿನ ಕಿಟಕಿಗೆ ಏಣಿ ಸರಿಸಿಕೊಂಡಿದ್ದರು. ಕೈ ಬೇಕೆಂದೇ ನಿಧಾನವಾಗಿತ್ತೋ ಏನೋ. ಕೇಳಿದರೆ ಅವರು, ಆ ದಿನ ಸ್ಕ್ರೂ ಬಿಗಿಯಾಗಿದ್ದವು ಎನ್ನುತ್ತಾರೆ. ಆಗ ಬಾಗಿಲಲ್ಲಿ ಗಲಗಲ ಸದ್ದಾಯಿತು. ರಸ್ತೆ ಖಾಲಿಯಿತ್ತೆಂದು ಬಸ್ಸು ನಲವತ್ತು ನಿಮಿಷ ಮುಂಚೆಯೇ ಬಂದಿತ್ತು. ಎಂಟೆಂಟು ವರ್ಷದ ಇಪ್ಪತ್ತಾರು ಮಕ್ಕಳು, ಕೈಯಲ್ಲಿ ಊಟದ ಕಾಗದಚೀಲ, ಹಿಂದೆ ಅವರ ಟೀಚರು.

ಒಳಗೆ ಕಾಲಿಟ್ಟ ಮಕ್ಕಳು ಸುಮ್ಮನಾದರು. ಮಕ್ಕಳು ಸುಮ್ಮನಾಗುವುದನ್ನು ಇಪ್ಪತ್ತು ವರ್ಷ ಕೇಳಿಸಿಕೊಂಡ ಲೊರೇನ್ ಕಚೇರಿಯಿಂದ ಹೊರಗೆ ಬಂದರು. ಟೀಚರು ಮಕ್ಕಳನ್ನು ರತ್ನಗಂಬಳಿಯ ಮೇಲೆ ಕೂರಿಸಿದರು. ಏಣಿಗೆಂದು ಕುರ್ಚಿಗಳನ್ನು ಬದಿಗೆ ಸರಿಸಿದ್ದರಿಂದ ತಾವೂ ಕೂತರು. ಮುಂದಿನ ಸಾಲಿನಿಂದ ಒಂದು ಹುಡುಗಿ ಎದ್ದು ಏಣಿಯ ಬುಡಕ್ಕೆ ಬಂದು ನಿಂತಳು.

"ಅದನ್ನು ಯಾಕೆ ಮುಚ್ಚುತ್ತಿದ್ದೀರಿ?" ಎಂದು ಕೇಳಿದಳು. "ಹೊರಗೆ ಬಿಸಿಲಿದೆ."

ಇನ್ನೊಬ್ಬ ಹುಡುಗ ಕಾಗದಚೀಲ ಎತ್ತಿ ತೋರಿಸಿದ. "ನಾವು ಅಲ್ಲಿ ಹುಲ್ಲಿನ ಮೇಲೆ ಊಟ ಮಾಡಬಹುದಾ?"

"ಮೊದಲು ಪ್ರಶ್ನೆಗೆ ಉತ್ತರ. ಆಮೇಲೆ ನೋಡೋಣ," ಎಂದರು ಟೀಚರು. ಹೇಳಿ, ತಿರುಗಿ ಬಂದ ದಾರಿಯ ಕಡೆ ನೋಡಿದರು. ಕಿಟಕಿಯಿಲ್ಲದ ಉದ್ದನೆಯ ಹಜಾರ ದಾಟಿ ಕಟ್ಟಡದ ನಡುಮಧ್ಯಕ್ಕೆ ಬಂದಿದ್ದೇವೆ, ಇಲ್ಲಿ ತೋಟವಿರಲು ಸಾಧ್ಯವಿಲ್ಲ ಎಂಬುದು ಅವರಿಗೆ ಆಗ ಹೊಳೆಯಿತು.

"ನಾನು ನೋಡ್ತಾನೇ ಇದ್ದೆ," ಎನ್ನುತ್ತಾರೆ ವಿದ್ಯಾವತಿ. "ಲೊರೇನ್ ಸೀರಿಯಸ್ ಆಗಿ ಸ್ಕರ್ಟ್ ಸರಿಮಾಡ್ಕೊಂಡು ನೆಲದ ಮೇಲೆ ಕೂತ್ರು. ಒಂದು ಸಲ ಕಿಟಕಿ ನೋಡಿದ್ರು. ಎದ್ರು. ಸೀದಾ ಹೋಗಿ ಆ ಹ್ಯಾಲೊವೆಲ್‌ನ ಕಾಫಿ ಕುಡಿಯೋ ಹತ್ರದಿಂದ ಕರ್ಕೊಂಡ್ ಬಂದ್ರು. 'ಕೂತ್ಕೊಳ್ಳಿ' ಅಂದ್ರು. 'ಎಲ್ಲಿ?' ಅಂದ. 'ನೆಲದ ಮೇಲೆ.' ಅಷ್ಟು ಉದ್ದದ ಮನುಷ್ಯ, ಮಡಿಸೋ ಅಳತೆಪಟ್ಟಿ ಥರಾ ಮೂರು ಕಡೆ ಮಡಿಚ್ಕೊಂಡು ಕೂತ."

ಹ್ಯಾಲೊವೆಲ್ ಕೂತರು. ಇಳಿಜಾರು ಮಟ್ಟಸವಾಯಿತು. ಹುಲ್ಲು ಕಿಟಕಿಯ ಬುಡದಿಂದಲೇ ಹೊರಟು ಹಾಸುತ್ತ ಹಾಸುತ್ತ ಮರಗಳ ಕಾಲಿನವರೆಗೆ ಹೋಯಿತು. ಮರಗಳು ಹಿಂದಕ್ಕೆ ಸರಿದು ನಿಂತವು. ಗುಲಾಬಿಯ ಸಾಲಿನ ಆಚೆ ದಾರಿಯೊಂದು ತಿರುಗಿ ಕಣ್ಮರೆಯಾಯಿತು. ತಲೆ ಒಂದಿಷ್ಟು ಆಡಿಸಿದರೆ ಕಿಟಕಿಯ ಅಂಚಿನಿಂದ ಇನ್ನೊಂದು ಗಿಡ ಇಣುಕುತ್ತಿತ್ತು. ಎರಡು ನಿಮಿಷ ಅವರು ಏಳಲಿಲ್ಲ. ನೋಡಲು ಎದ್ದು ಸುತ್ತ ನಿಂತ ಮಕ್ಕಳ ತಲೆಗಳೂ ಅವರ ತಲೆಯೂ ಆಗ ಹೆಚ್ಚುಕಡಿಮೆ ಒಂದೇ ಮಟ್ಟಕ್ಕಿದ್ದವು.

"ಈ ಕೊಠಡಿ ಯಾರಿಗೆ ಅನ್ನುವುದನ್ನು ಮರೆತಿದ್ದವನು ನಾನು," ಎಂದರು. ಆಮೇಲೆ ಏಣಿಯ ಮೇಲಿದ್ದವರ ಕಡೆ ನೋಡಿ, "ಆ ಎಡಗಡೆಯದನ್ನೂ ಬಿಚ್ಚಿಬಿಡಿ."

ಹಾಕಲು ಇಪ್ಪತ್ತೈದು ನಿಮಿಷ ತೆಗೆದುಕೊಂಡಿದ್ದ ಬ್ಲೈಂಡ್ಸನ್ನು ಈರಣ್ಣ ನಾಲ್ಕು ನಿಮಿಷದಲ್ಲಿ ಬಿಚ್ಚಿದರು. ಸ್ಕ್ರೂ ಬಿಗಿಯಾಗಿರಲಿಲ್ಲವೆ ಎಂದರೆ, "ಆ ಹೊತ್ತಿಗೆ ಸಡಲಾಗಿದ್ವು," ಎನ್ನುತ್ತಾರೆ.

ಮಕ್ಕಳಿಗೆಂದೇ ಹಾಗೆ ಬರೆದಿರಾ ಎಂದು ಆಮೇಲೆ ಎಷ್ಟೋ ಮಂದಿ ಕೇಳಿದ್ದಾರೆ. ಹೌದು ಎಂದುಬಿಟ್ಟಿದ್ದರೆ ಕಥೆಗೆ ಇನ್ನಷ್ಟು ಮೆರುಗು ಬರುತ್ತಿತ್ತು. ಈರಣ್ಣ ಒಪ್ಪುವುದಿಲ್ಲ. "ಇಲ್ರಿ. ರೂಢಿ. ಕೈ ಅಲ್ಲೇ ನಿಂತತು. ನೆಲದಾಗ ಕುಂತ ದೊಡ್ಡಾಂವನ ಮುಂದ ಎಂಟು ವರ್ಷದ ಕೂಸು ನಿಂತ್ರ ಇಬ್ಬರ ಕಣ್ಣೂ ಹತ್ರ ಹತ್ರ ಬರ್ತಾವ. ಅದು ನನಗೂ ಅವತ್ತ ಗೊತ್ತಾತು. ಮಾಸ್ತರಗೆ ಗೊತ್ತಿತ್ತೋ ಏನೋ."

ನಲವತ್ತನಾಲ್ಕು ಬಸ್ಸೆಂದು ಗೊತ್ತಾಗಿದ್ದದ್ದು ನೂರಾ ಹತ್ತಾಯಿತು. ಮೂರು ವಾರಕ್ಕೆ ಹೊಸ ಫೋಟೊ ಸುರುಳಿಗಳು ಬಂದವು. ಯಾರೂ ಪೆಟ್ಟಿಗೆ ಬಿಚ್ಚಲಿಲ್ಲ. ಆರು ವಾರದ ಪ್ರದರ್ಶನ ಆರು ತಿಂಗಳು ನಿಂತಿತು. ಆಮೇಲೆ ಪರದೆಯನ್ನು ಸುರುಳಿ ಸುತ್ತಿ, ಈರಣ್ಣ ಕೈಯಾರೆ ಕಟ್ಟಿ, ಊರೂರಿಗೆ ಕಳಿಸಿದರು: ರಾಲಿ, ಕೊಲಂಬಿಯಾ, ಶಾರ್ಲಟ್, ವಾಷಿಂಗ್ಟನ್ನಿನ ಸುತ್ತಲ ಊರುಗಳು. ನಾಲ್ಕು ವರ್ಷದಲ್ಲಿ ಅದರ ಮುಂದೆ ಕೂತ ಮಕ್ಕಳು ಅರವತ್ತೊಂದು ಸಾವಿರ. ಲಾರಿಯ ಮೇಲೆ ಹೋದ ಪರದೆಯಿಂದ ಮುರಿದ ಮನಸ್ಸು ಟ್ರಕ್ಕಿನೊಳಗೆ ಹೋದ ಪರದೆಯಿಂದ ಕೂಡಿಕೊಂಡಿತು. ದೊಡ್ಡವರಿಗಾಗಿ ಎದುರಿಗೆ ಗಿಡ್ಡ ಕಾಲಿನ ಬೆಂಚುಗಳನ್ನಿಟ್ಟು, ದಯವಿಟ್ಟು ಕೂತು ನೋಡಿ ಎಂಬ ಫಲಕ ಹಾಕಿದರು. ಫಲಕದ ಕೆಳಗೆ ಹೆಸರು ಹಾಕುತ್ತೇವೆ ಎಂದಾಗ ಈರಣ್ಣ ಒಂದು ಷರತ್ತು ಹೇಳಿದರು. ಹಾಗಾಗಿ ಅಲ್ಲಿ ಎರಡು ಹೆಸರುಗಳಿವೆ. ಮೊದಲನೆಯದು ಗೋಪಿನಾಥ ಮಾಸ್ತರರದು.

ಈಗ ಆ ವಸ್ತುಸಂಗ್ರಹಾಲಯದಲ್ಲಿ ಮಕ್ಕಳ ಪ್ರದರ್ಶನಕ್ಕೆ ಫಲಕ, ಚಿತ್ರ, ಗಾಜಿನ ಪೆಟ್ಟಿಗೆ ಯಾವುದನ್ನು ಕೂರಿಸುವ ಮುಂಚೆಯೂ ಈರಣ್ಣನನ್ನು ಕರೆಯುತ್ತಾರೆ. ಅವರು ನೆಲಕ್ಕೆ ಮೊಣಕೈ ಊರಿ ಅಳೆದು ಪೆನ್ಸಿಲ್ ಗುರುತು ಹಾಕುತ್ತಾರೆ. ಜಾರ್ಜಿಯಾದಲ್ಲೇ ಹುಟ್ಟಿ ಬೆಳೆದ ಬಡಗಿಗಳು ಒಬ್ಬರನ್ನೊಬ್ಬರು ಕೂಗಿ ಕೇಳುವುದು ಅಂಗುಲದಲ್ಲಿ ಅಲ್ಲ, ಮೊಳದಲ್ಲಿ.

ಪರದೆ ಅಟ್ಲಾಂಟಾಕ್ಕೆ ಮರಳಿದ್ದು 1997ರ ವಸಂತದಲ್ಲಿ. ಏಪ್ರಿಲಿನ ಒಂದು ಭಾನುವಾರ ಮಧ್ಯಾಹ್ನ ಕನ್ನಡ ಕೂಟದ ಮೂವತ್ತೇಳು ಜನ ನೋಡಲು ಬಂದರು. ವಿದ್ಯಾವತಿ ಅಲ್ಲೇ, ಕಿಟಕಿಯ ಪಕ್ಕದಲ್ಲೇ ನಿಂತು, ಯುಗಾದಿಯ ಊಟದಲ್ಲಿ ಹೇಳಿದ್ದನ್ನು ಮೊದಲಿಂದ ಹೇಳಿದರು. ಇಂಜಿನಿಯರುಗಳು, ಡಾಕ್ಟರುಗಳು, ರೇಷ್ಮೆ ಸೀರೆಯ ಹೆಂಗಸರು ಎಲ್ಲ ನಿಂತೇ ಕೇಳಿದರು. ರಜೆಯ ದಿನದ ಇಸ್ತ್ರಿ ಅಂಗಿ ತೊಟ್ಟ ಈರಣ್ಣ ಎಲ್ಲರ ಹಿಂದೆ, ಗೋಡೆಗೆ ಒರಗಿ ನಿಂತಿದ್ದರು.

"ಈಗ ಎಲ್ಲಾರೂ ಕೂತ್ಕೊಳ್ಳಿ," ಎಂದರು ವಿದ್ಯಾವತಿ.

ಸೆರಗು ಸರಿಪಡಿಸಿಕೊಳ್ಳುತ್ತ, ಪ್ಯಾಂಟು ಎಳೆದುಕೊಳ್ಳುತ್ತ, ಒಬ್ಬರ ಭುಜ ಒಬ್ಬರು ಹಿಡಿದು ಮೂವತ್ತಾರು ಜನ ಕೂತರು. ಒಬ್ಬಳು ಕೂರಲಿಲ್ಲ: ಎಂಟು ವರ್ಷದ ಶ್ರಾವಣಿ. "ಅಮ್ಮಾ, ನಾನು ಕೂರೋದು ಬೇಡ. ಐ ಕ್ಯಾನ್ ಸೀ ಇಟ್ ಫ್ರಮ್ ಹಿಯರ್," ಎಂದಳು. ನಗು ಎದ್ದಿತು, ಅರ್ಧಕ್ಕೆ ನಿಂತುಹೋಯಿತು. ತೋಟ ತೆರೆದುಕೊಂಡಿತ್ತು. ಶಿವಕ್ಕ ಮೊದಲ ಸಾಲಿನಲ್ಲಿ ಕೂತಿದ್ದಳು. ಹೊಲಿಗೆಯ ಒಂದು ಗೆರೆಯೂ ಕಾಣದ್ದನ್ನು ನೋಡಿ, "ಹೂಂ. ಸುಣ್ಣಾ ಹೊಡದಿಲ್ಲ," ಎಂದಳು ಮೆಲ್ಲಗೆ.

ಇನ್ನೇನಾದರೂ ಆಸೆ ಉಳಿದಿದೆಯೆ ಎಂದು ಯಾರೋ ತಿರುಗಿ ಕೇಳಿದರು.

"ಒಂದು ನವಲು," ಎಂದರು ಈರಣ್ಣ. "ಸಣ್ಣದು. ಮೂಲ್ಯಾಗ. ಲೊರೇನಮ್ಮನ್ನ ವರ್ಷಕ್ಕೊಮ್ಮೆ ಕೇಳ್ತೀನ್ರಿ. ಅಕಿ ವರ್ಷಕ್ಕೊಮ್ಮೆ ಬ್ಯಾಡ ಅಂತಾಳ."

ಕಾಲು ಗಂಟೆಯಲ್ಲಿ ಬಾಗಿಲು ಮುಚ್ಚುತ್ತದೆ ಎಂದು ಕಾವಲಿನವನು ಬಂದು ಹೇಳಿ ಹೋದ. ಯಾರೂ ಅಲುಗಲಿಲ್ಲ. ಮತ್ತೆ ಬಂದ, ನೆಲದ ಮೇಲಿನ ಜನರನ್ನು ನೋಡಿ, ಅವರು ನೋಡುತ್ತಿದ್ದ ಕಡೆ ನೋಡಿ, ಅವನೂ ಅಲ್ಲೇ ನಿಂತ. ಕೊನೆಗೆ ಮಾತಾಡಿದವರು ಈರಣ್ಣನೇ. ತಮ್ಮ ಪರದೆಯ ಮುಂದೆ ನೆಲದಲ್ಲಿ ಕೂತ ಅಷ್ಟೂ ಜನರನ್ನು ಈ ಬದಿಯಿಂದ ಒಂದು ಸಲ ಕಣ್ತುಂಬ ನೋಡಿಕೊಂಡರು.

"ಸಾವಕಾಶ ಏಳ್ರಿ," ಎಂದರು. "ಭಾಳ ಹೊತ್ತು ಕುಂತೀರಿ. ಮೊಣಕಾಲ ಹಿಡೀತಾವ."

ಅವರು ಸಾವಕಾಶವಾಗಿ ಎದ್ದರು. ಸೀರೆಯ ನೆರಿಗೆ ಕೊಡವಿ, ಜೇಬಿನಲ್ಲಿ ಕಾರಿನ ಕೀಲಿ ತಡವಿ, ಒಬ್ಬೊಬ್ಬರಾಗಿ ಬಾಗಿಲು ದಾಟಿ ಮನೆಯ ದಾರಿ ಹಿಡಿದರು.